ಸಂದೇಹದಿಂದ ಆಕಸ್ಮಿಕಕ್ಕೆ: 'ಹೌಸ್ ಆಫ್ ದಿ ಡ್ರ್ಯಾಗನ್' ಮೊದಲ ಸೀಸನ್ನಿನ ಕಥಾವಿನ್ಯಾಸ

ಗ್ರಂಥವೊಂದು ದೃಶ್ಯಮಾಧ್ಯಮಕ್ಕೆ ರೂಪಾಂತರಗೊಂಡಾಗ ಏನನ್ನು ಉಳಿಸಿಕೊಂಡಿತು, ಏನನ್ನು ಕೈಬಿಟ್ಟಿತು ಎಂದು ಪಟ್ಟಿಮಾಡುವುದು ರೂಪಾಂತರ ವಿಮರ್ಶೆಯ ರೂಢಿಗತ ಕ್ರಮ. ಆಕರವು ಕಾದಂಬರಿಯಾಗಿದ್ದಾಗ ಈ ಕ್ರಮದಿಂದ ಬಹುಮಟ್ಟಿಗೆ ಕೆಲಸ ನಡೆಯುತ್ತದೆ. ಆಕರವೇ ಕಾದಂಬರಿಯ ರೂಪವನ್ನು ತೊರೆದು, ಕಲ್ಪಿತ ಲೋಕವೊಂದರ ಇತಿಹಾಸಗ್ರಂಥವಾಗಿ ಬರೆಯಲ್ಪಟ್ಟಿದ್ದರೆ ಪಟ್ಟಿ ಸಾಕಾಗುವುದಿಲ್ಲ. ಅಂಥಲ್ಲಿ ಘಟನೆಗಳಷ್ಟೇ ಮುಖ್ಯವಾದದ್ದು, ಆ ಘಟನೆಗಳನ್ನು ಯಾರು, ಯಾವ ಉದ್ದೇಶದಿಂದ, ಎಲ್ಲಿ ನಿಂತು ಹೇಳಿದರು ಎಂಬ ವಿಚಾರ. ಅಮೆರಿಕದ ಲೇಖಕ ಜಾರ್ಜ್ ಆರ್. ಆರ್. ಮಾರ್ಟಿನ್ 2018ರಲ್ಲಿ ಪ್ರಕಟಿಸಿದ 'ಫೈರ್ ಅಂಡ್ ಬ್ಲಡ್' ಮತ್ತು ಅದನ್ನು ಆಧರಿಸಿ ಎಚ್‌ಬಿಓ ವಾಹಿನಿ 2022ರಲ್ಲಿ ಪ್ರಸಾರ ಮಾಡಿದ 'ಹೌಸ್ ಆಫ್ ದಿ ಡ್ರ್ಯಾಗನ್' ಸರಣಿಯ ಮೊದಲ ಸೀಸನ್ನಿನ ನಡುವಿನ ಸಂಬಂಧವನ್ನು ಈ ದೃಷ್ಟಿಯಿಂದ ಪರಿಶೀಲಿಸಬೇಕಾಗಿದೆ.

'ಫೈರ್ ಅಂಡ್ ಬ್ಲಡ್' ಟಾರ್ಗೇರಿಯನ್ ರಾಜವಂಶದ ಸುಮಾರು ಒಂದೂವರೆ ಶತಮಾನದ ಚರಿತ್ರೆ. ಅದರ ಕರ್ತೃ ಗಿಲ್ಡೇನ್ ಎಂಬ ಪಂಡಿತನೆಂಬುದು ಗ್ರಂಥದ ಕಲ್ಪನೆ. ಈತ ಯಾವುದನ್ನೂ ಕಣ್ಣಾರೆ ಕಂಡವನಲ್ಲ. ತನಗಿಂತ ಹಿಂದಿನವರ ಬರಹಗಳನ್ನು ಮುಂದಿಟ್ಟುಕೊಂಡು ಬರೆಯುತ್ತಾನೆ. ರಾಜಕುಮಾರಿ ರೆನೀರಾ ಮತ್ತು ಆಕೆಯ ಮಲತಮ್ಮ ಏಗಾನ್ ಇವರ ನಡುವಣ ಸಿಂಹಾಸನ ಕಲಹದ ಭಾಗದಲ್ಲಿ ಅವನಿಗೆ ಮುಖ್ಯವಾಗಿ ಮೂರು ಆಕರಗಳಿವೆ. ಅರಮನೆಯ ಪುರೋಹಿತ ಯೂಸ್ಟಸ್ ಬರೆದಿಟ್ಟ ವೃತ್ತಾಂತ ಒಂದು. ಮಂಕನ್ ಎಂಬ ಪಂಡಿತನ ಗ್ರಂಥ ಇನ್ನೊಂದು. ಇದು ಮರಣದಂಡನೆಗೆ ಗುರಿಯಾಗಿ ಸೆರೆಮನೆಯಲ್ಲಿದ್ದ ಆರ್ವೈಲ್‌ನ ತಪ್ಪೊಪ್ಪಿಗೆಯನ್ನು ನೆಚ್ಚಿಕೊಂಡಿದೆ. ಮೂರನೆಯದು ಮಶ್ರೂಮ್ ಎಂಬ ಕುಬ್ಜ ವಿದೂಷಕನ ಮಾತುಗಳು. ಇವನನ್ನು ಮಂದಬುದ್ಧಿಯವನೆಂದು ಬಗೆದು ಪ್ರಭುಗಳು ಇವನೆದುರೇ ಗುಟ್ಟುಗಳನ್ನಾಡುತ್ತಿದ್ದರು. ಮೆಕೆಂಜಿ ಸಂಗ್ರಹದ ಕೈಫಿಯತ್ತುಗಳನ್ನು ಶಾಸನಗಳೊಡನೆ ತೂಗಿನೋಡಿ ಬಲ್ಲ ಕನ್ನಡ ಸಂಶೋಧಕರಿಗೆ ಇಂಥ ಗದ್ಯದ ನಡೆ ಅಪರಿಚಿತವೆನಿಸದು.

ಗಿಲ್ಡೇನ್ ಈ ಆಕರಗಳನ್ನು ಬಳಸುವ ಬಗೆಗೆ ಒಂದು ನಿದರ್ಶನ ಸಾಕು. ದೊರೆ ವಿಸೇರಿಸ್ ಮೊಮ್ಮಕ್ಕಳಿಗೆ ಕಥೆ ಹೇಳಿ ನಿದ್ದೆಹೋದವನು ಮತ್ತೆ ಏಳಲಿಲ್ಲ. ರಾಣಿ ಅಲಿಸೆಂಟ್ ಮದ್ಯದಲ್ಲಿ ವಿಷ ಬೆರೆಸಿ ಅವನ ಸಾವನ್ನು ಬೇಗ ತಂದಳೆಂದು ಮಶ್ರೂಮ್ ಹೇಳುತ್ತಾನೆ. ಆದರೆ ಆ ರಾತ್ರಿ ಮಶ್ರೂಮ್ ರಾಜಧಾನಿಯಲ್ಲಿರಲಿಲ್ಲ, ರೆನೀರಾಳ ಸೇವೆಯಲ್ಲಿ ಬೇರೊಂದು ದ್ವೀಪದಲ್ಲಿದ್ದ ಎಂಬುದನ್ನು ಗಿಲ್ಡೇನ್ ತಕ್ಷಣ ನೆನಪಿಸುತ್ತಾನೆ. ಹೀಗೆ ಹೇಳಿದ ಮೇಲೂ ಆ ಆರೋಪವನ್ನು ಪುಟದಿಂದ ಅಳಿಸುವುದಿಲ್ಲ. ಸುಳ್ಳಿರಬಹುದಾದ ಮಾತು ಕೂಡ ಒಂದು ಪಕ್ಷದವರ ಮನಸ್ಸಿನ ದಾಖಲೆಯೆಂಬ ತಿಳಿವಳಿಕೆ ಇಲ್ಲಿದೆ. ಗ್ರಂಥದ ಜೀವಾಳವಿರುವುದು ಈ ಸಂದೇಹದಲ್ಲಿಯೇ.

ರಯಾನ್ ಕಾಂಡಲ್ ಮತ್ತು ಮಿಗೆಲ್ ಸಪೋಚ್ನಿಕ್ ಇವರ ನೇತೃತ್ವದಲ್ಲಿ ಸಿದ್ಧವಾದ ಮೊದಲ ಸೀಸನ್ನಿನಲ್ಲಿ ಹತ್ತು ಕಂತುಗಳಿವೆ. ಅವು ಸುಮಾರು ಇಪ್ಪತ್ತು ವರ್ಷಗಳ ಕಾಲಾವಧಿಯನ್ನು ಒಳಗೊಳ್ಳುತ್ತವೆ. ಐದನೆಯ ಮತ್ತು ಆರನೆಯ ಕಂತುಗಳ ನಡುವೆ ಹತ್ತು ವರ್ಷಗಳು ಸಂದುಹೋಗಿ, ರೆನೀರಾ ಮತ್ತು ಅಲಿಸೆಂಟ್ ಪಾತ್ರಗಳಿಗೆ ಬೇರೆ ನಟಿಯರು ಬರುತ್ತಾರೆ. ಎಂಟನೆಯ ಕಂತಿಗೆ ಮುನ್ನ ಮತ್ತೆ ಆರು ವರ್ಷಗಳ ಜಿಗಿತ. ಚರಿತ್ರಕಾರನು ಮೂವರು ಮಕ್ಕಳ ಹುಟ್ಟನ್ನು ಒಂದೇ ವಾಕ್ಯದಲ್ಲಿ ದಾಟಿಬಿಡಬಲ್ಲ. ದೃಶ್ಯಕಥನಕ್ಕೆ ಆ ಸೌಕರ್ಯವಿಲ್ಲ. ಈ ಜಿಗಿತಗಳ ಬಗ್ಗೆ ಬಂದ ಆಕ್ಷೇಪಗಳಲ್ಲಿ ಹುರುಳಿದ್ದರೂ ಅವು ಮುಖ್ಯ ಪ್ರಶ್ನೆಯಲ್ಲ. ಮೂರು ಸಾಕ್ಷಿಗಳು ಮೂರು ಬಗೆಯಾಗಿ ಹೇಳಿದ್ದನ್ನು ಕ್ಯಾಮೆರಾ ಹೇಗೆ ಕಾಣಿಸಬೇಕು ಎಂಬುದೇ ಇಲ್ಲಿನ ನಿಜವಾದ ತೊಡಕು. ತೆರೆಯ ಮೇಲೆ ಕಂಡದ್ದು ನಡೆದೇ ನಡೆಯಿತೆಂದು ಪ್ರೇಕ್ಷಕ ನಂಬುತ್ತಾನೆ. ಕುರೊಸಾವಾ 1950ರ 'ರಾಶೊಮೊನ್' ಚಿತ್ರದಲ್ಲಿ ಈ ನಂಬಿಕೆಯನ್ನೇ ಒಡೆದು ತೋರಿಸಿದನೆಂಬುದು ನಿಜ. ಆದರೆ ಅದೇ ತಂತ್ರವನ್ನು ಹತ್ತು ಕಂತುಗಳವರೆಗೆ ಹಿಗ್ಗಿಸಿದರೆ ಅದು ಕೇವಲ ಚಮತ್ಕಾರವಾಗುವ ಅಪಾಯವಿದೆ. ಆದ್ದರಿಂದ ಒಂದೇ ಪಾಠವನ್ನು ಆರಿಸಿಕೊಂಡ ಸರಣಿಕಾರರ ನಿರ್ಧಾರವನ್ನು ದೂಷಿಸುವಂತಿಲ್ಲ. ವಿದೂಷಕ ಮಶ್ರೂಮ್ ಸೀಸನ್ನಿನಲ್ಲಿ ಕಾಣಿಸಿಕೊಳ್ಳದಿರುವುದೂ ಈ ನಿರ್ಧಾರದ ಫಲವೇ. ವಿಚಾರ ಮಾಡಬೇಕಾದದ್ದು ಆಯ್ಕೆಯ ತತ್ತ್ವವನ್ನು ಕುರಿತು.

ಕೆಲವೆಡೆ ಈ ಆಯ್ಕೆ ನುರಿತ ಗ್ರಂಥಸಂಪಾದಕನ ಕೆಲಸದಂತಿದೆ. ರೆನೀರಾ ಮತ್ತು ಆಕೆಯ ಅಂಗರಕ್ಷಕ ಕ್ರಿಸ್ಟನ್ ಕೋಲ್ ಇವರ ಸಂಬಂಧ ಮುರಿದುದಕ್ಕೆ ಗ್ರಂಥದಲ್ಲಿ ಎರಡು ಕಾರಣಗಳಿವೆ. ಕ್ರಿಸ್ಟನ್ ತನ್ನ ಪ್ರೇಮವನ್ನು ನಿವೇದಿಸಿದ, ಆಕೆ ಒಲ್ಲೆನೆಂದಳು ಎಂಬುದು ಯೂಸ್ಟಸ್‌ನ ಹೇಳಿಕೆ. ಆಕೆಯೇ ಅವನ ಬಳಿಸಾರಿದಳು, ಅವನು ನಿರಾಕರಿಸಿದ ಎಂಬುದು ಮಶ್ರೂಮ್‌ನದು. ಸೀಸನ್ನಿನ ನಾಲ್ಕನೆಯ ಕಂತಿನಲ್ಲಿ ಆಕೆ ಅವನನ್ನು ಕರೆಯುತ್ತಾಳೆ, ಅವನು ಮಣಿಯುತ್ತಾನೆ. ಐದನೆಯ ಕಂತಿನಲ್ಲಿ ಎಲ್ಲವನ್ನೂ ತೊರೆದು ಓಡಿಹೋಗೋಣವೆಂದು ಅವನು ಬೇಡುತ್ತಾನೆ, ಆಕೆ ಒಪ್ಪುವುದಿಲ್ಲ. ಎರಡು ಭಿನ್ನ ಪಾಠಗಳೂ ಹುಟ್ಟಿಬರಬಹುದಾದ ಒಂದು ಮೂಲಪಾಠವನ್ನು ಇಲ್ಲಿ ಊಹಿಸಿ ಕಟ್ಟಲಾಗಿದೆ. ಮುಂದೆ ಒಬ್ಬೊಬ್ಬ ಸಾಕ್ಷಿಯೂ ತನಗೆ ಬೇಕಾದ ಅರ್ಧವನ್ನಷ್ಟೇ ಹೇಳಿರಬಹುದೆಂದು ಗ್ರಂಥವನ್ನು ಓದಿದವರಿಗೆ ಹೊಳೆಯುತ್ತದೆ. ಆಕರಕ್ಕೆ ನಿಷ್ಠೆಯೆಂದರೆ ಇದು.

ಇದೇ ಎಚ್ಚರ ಕೊನೆಯ ಮೂರು ಕಂತುಗಳಲ್ಲಿ ಕಾಣುವುದಿಲ್ಲ. ಅಂತರ್ಯುದ್ಧದ ಮೊದಲ ರಕ್ತ ಹರಿದದ್ದು ಕೋಶಾಧಿಕಾರಿ ಬೀಸ್‌ಬರಿಯದೆಂಬ ಒಂದಂಶವನ್ನುಳಿದು, ಅವನ ಸಾವಿನ ವಿಷಯದಲ್ಲಿ ಗ್ರಂಥದ ಸಾಕ್ಷಿಗಳು ಬೇರೆಬೇರೆ ದಾರಿ ಹಿಡಿಯುತ್ತಾರೆ. ಕ್ರಿಸ್ಟನ್ ಅವನ ಕತ್ತು ಸೀಳಿದನೆನ್ನುತ್ತಾನೆ ಯೂಸ್ಟಸ್. ಕಿಟಕಿಯಿಂದ ಎಸೆದನೆನ್ನುತ್ತಾನೆ ಮಶ್ರೂಮ್. ಸೆರೆಗೆ ತಳ್ಳಲ್ಪಟ್ಟು ಅಲ್ಲಿ ಶೀತಬಾಧೆಯಿಂದ ಸತ್ತನೆಂಬುದು ಆರ್ವೈಲ್‌ನ ಮಾತು. ಆರ್ವೈಲ್ ಸ್ವತಃ ಆ ಮಂತ್ರಾಲೋಚನೆಯಲ್ಲಿ ಕುಳಿತಿದ್ದವನು. ಪಾಪದ ಭಾರವನ್ನು ಹಗುರಗೊಳಿಸಲು ಅವನಿಗೆ ಕಾರಣವಿತ್ತು. ಒಂಬತ್ತನೆಯ ಕಂತಿನಲ್ಲಿ ಕ್ರಿಸ್ಟನ್ ಮುದುಕನನ್ನು ಪೀಠಕ್ಕೆ ಒತ್ತಿ ಕೂರಿಸುವ ಭರದಲ್ಲಿ ತಲೆ ಮೇಜಿಗೆ ಬಡಿದು ಅವನು ಸಾಯುತ್ತಾನೆ. ಕೊಲೆಯ ಉದ್ದೇಶವಿರಲಿಲ್ಲವೆಂಬ ಭಾವ ಪ್ರೇಕ್ಷಕನಲ್ಲಿ ನೆಲೆಗೊಳ್ಳುತ್ತದೆ. ಹೊರನೋಟಕ್ಕೆ ಇದು ನಾಲ್ಕನೆಯ ಪಾಠ. ಧೋರಣೆಯಲ್ಲಿ ಮಾತ್ರ ಆರ್ವೈಲ್‌ನ ಪಾಠಕ್ಕೇ ಹತ್ತಿರ.

ಎಂಟನೆಯ ಕಂತಿನ ಅಂತ್ಯದಲ್ಲಿ ಮರಣಶಯ್ಯೆಯಲ್ಲಿರುವ ವಿಸೇರಿಸ್ ನೋವಿನ ಔಷಧದ ಮಂಪರಿನಲ್ಲಿ ಅಲಿಸೆಂಟಳನ್ನು ಮಗಳೆಂದು ತಿಳಿದು, ಪೂರ್ವಜ ಏಗಾನನ ಕನಸನ್ನು ಕುರಿತು ಮಾತನಾಡುತ್ತಾನೆ. ಆಕೆ ಅದನ್ನು ತನ್ನ ಮಗ ಏಗಾನನಿಗೆ ಪಟ್ಟ ಕಟ್ಟಬೇಕೆಂಬ ಆದೇಶವೆಂದು ಅರ್ಥಮಾಡಿಕೊಳ್ಳುತ್ತಾಳೆ. ಆ ಕನಸಾಗಲಿ, ಈ ಅಪಾರ್ಥವಾಗಲಿ 'ಫೈರ್ ಅಂಡ್ ಬ್ಲಡ್'ನಲ್ಲಿಲ್ಲ. ಹತ್ತನೆಯ ಕಂತಿನಲ್ಲಿ ಏಮಂಡ್ ತನ್ನ ಸೋದರಳಿಯ ಲೂಸೆರಿಸ್‌ನನ್ನು ಬೆದರಿಸಲು ಬೆನ್ನಟ್ಟುತ್ತಾನೆ. ಅವನ ಡ್ರ್ಯಾಗನ್ ವೇಗಾರ್ ಹತೋಟಿ ಮೀರಿ ಹುಡುಗನನ್ನು ಕೊಲ್ಲುತ್ತದೆ. ಏಮಂಡನ ಮುಖದಲ್ಲಿ ದಿಗಿಲು ಮೂಡುತ್ತದೆ. ಗ್ರಂಥದಲ್ಲಿ ಅವನಿಗೆ ಇಂಥ ಯಾವ ವಿನಾಯಿತಿಯೂ ಇಲ್ಲ. ಒಂದು ತಳ್ಳು, ಒಂದು ಅಪಾರ್ಥ, ಒಂದು ಪ್ರಾಣಿಯ ಅವಿಧೇಯತೆ: ಯುದ್ಧಕ್ಕೆ ಕಾರಣವಾದ ಮೂರು ಗಂಟುಗಳೂ ಆಕಸ್ಮಿಕಗಳಾಗಿಬಿಟ್ಟಿವೆ. ಚರಿತ್ರಕಾರನ ಸಂದೇಹವು 'ಯಾರು ಮಾಡಿದರು, ಅದನ್ನು ಮುಚ್ಚಿಟ್ಟವರು ಯಾರು' ಎಂದು ಕೇಳುತ್ತದೆ. ಆಕಸ್ಮಿಕವಾದರೋ ಆ ಪ್ರಶ್ನೆಯನ್ನೇ ಅನಗತ್ಯವಾಗಿಸುತ್ತದೆ. ಅಲಿಸೆಂಟಳನ್ನು ಗ್ರಂಥದ ಮಲತಾಯಿಯ ಪಾತ್ರದಿಂದ ಬಿಡಿಸಿ ರೆನೀರಾಳ ಬಾಲ್ಯದ ಗೆಳತಿಯನ್ನಾಗಿ ರೂಪಿಸಿದ್ದರಿಂದ ದೊರೆತ ಆರ್ದ್ರತೆಯೂ ಇದರಿಂದ ತೆಳುವಾಗಿದೆ. ಗೆಳತಿಯ ಹಕ್ಕನ್ನು ತಿಳಿದೂ ತಿಳಿದೂ ಕಸಿದುಕೊಳ್ಳುವವಳ ಸಂಕಟ ಘನವಾದದ್ದು. ಮಾತನ್ನು ತಪ್ಪಾಗಿ ತಿಳಿದವಳ ಬಗ್ಗೆ ಹುಟ್ಟುವುದು ಮರುಕವಷ್ಟೇ.

ಮಾರ್ಟಿನ್ ಈ ಕಲಹದ ಕಥೆಗೆ ಹನ್ನೆರಡನೆಯ ಶತಮಾನದ ಇಂಗ್ಲೆಂಡಿನಲ್ಲಿ ಮಟಿಲ್ಡಾ ಮತ್ತು ಸ್ಟೀಫನ್ ಇವರ ನಡುವೆ ನಡೆದ ಅಂತರ್ಯುದ್ಧದಿಂದ ಪ್ರೇರಣೆ ಪಡೆದಿರುವುದು ತಿಳಿದ ಸಂಗತಿ. ದೊರೆ ಒಂದನೆಯ ಹೆನ್ರಿ ತನ್ನ ಮಗಳು ಮಟಿಲ್ಡಾಳ ಪರವಾಗಿ ಪ್ರಭುಗಳಿಂದ ಪ್ರಮಾಣ ಮಾಡಿಸಿಕೊಂಡಿದ್ದನು. 1135ರಲ್ಲಿ ಅವನು ತೀರಿಕೊಂಡಾಗ, ಕೊನೆಗಳಿಗೆಯಲ್ಲಿ ದೊರೆ ಮನಸ್ಸು ಬದಲಿಸಿದನೆಂದು ಹ್ಯೂ ಬಿಗಾಡ್ ಎಂಬ ಆಸ್ಥಾನಿಕ ಆಣೆಯಿಟ್ಟು ಹೇಳಿದನೆಂಬ ದಾಖಲೆಯಿದೆ. ಸ್ಟೀಫನ್ ಪಟ್ಟಕ್ಕೇರಲು ಆ ಮಾತು ನೆರವಾಯಿತು. ಆ ಕಾಲದ ವೃತ್ತಾಂತಗಳೂ ಪಕ್ಷ ಹಿಡಿದೇ ಬರೆದಂಥವು. 'ಗೆಸ್ಟಾ ಸ್ಟೆಫಾನಿ'ಯ ಒಲವು ಸ್ಟೀಫನ್ನನ ಕಡೆಗೆ, ಮಾಮ್ಸ್‌ಬರಿಯ ವಿಲಿಯಂನ ಒಲವು ಮಟಿಲ್ಡಾಳ ಕಡೆಗೆ. ಮರಣಶಯ್ಯೆಯ ಮಾತು ಚರಿತ್ರೆಯಲ್ಲಿ ಹೀಗೆ ಅಧಿಕಾರಕ್ಕಾಗಿ ಮುಂದಿಟ್ಟ ಸಾಕ್ಷ್ಯವಾಗಿತ್ತು. ಅದೇ ಸನ್ನಿವೇಶಕ್ಕೆ ಸೀಸನ್ ಸಮೀಪ ಬಂದು, ಅದನ್ನೊಂದು ಕಿವಿಯ ದೋಷಕ್ಕೆ ಇಳಿಸಿದ್ದು ಅಚ್ಚರಿಯ ವಿಷಯ.

ಈ ಸರಣಿಕಾರರಿಗೆ ಬೇರೆ ದಾರಿ ತಿಳಿದಿರಲಿಲ್ಲವೆಂದಲ್ಲ. ಗ್ರಂಥದಲ್ಲಿ ರಾಣಿ ಏಮಾ ಹೆರಿಗೆಯಲ್ಲಿ ಸಾಯುತ್ತಾಳೆ, ಅಷ್ಟೇ. ಮೊದಲ ಕಂತಿನಲ್ಲಿ ಮಗುವನ್ನುಳಿಸಲು ಆಕೆಯ ಹೊಟ್ಟೆ ಸೀಳುವ ಸಲಹೆಗೆ ವಿಸೇರಿಸ್ ಒಪ್ಪಿಗೆ ಕೊಡುತ್ತಾನೆ. ಆಕೆಯನ್ನು ಒಂದು ಮಾತು ಕೇಳುವುದಿಲ್ಲ. ಪಕ್ಕದಲ್ಲಿ ಯೋಧರ ಪಂದ್ಯದ ಗದ್ದಲ. ಇಲ್ಲಿ ಯಾವುದೂ ತಪ್ಪಿ ನಡೆದದ್ದಲ್ಲ. ದೊರೆ ನಿರ್ಧರಿಸುತ್ತಾನೆ, ಮುಂದಿನ ಏಳು ಕಂತುಗಳುದ್ದಕ್ಕೂ ಅದರಡಿಯಲ್ಲಿ ನವೆಯುತ್ತಾನೆ. ಪ್ಯಾಡಿ ಕಾನ್ಸಿಡೈನ್ ಅಭಿನಯಿಸಿದ ಈ ವಿಸೇರಿಸ್ ಗ್ರಂಥದ ಸರಸಿ ದೊರೆಗಿಂತ ಎತ್ತರದವನೆಂದು ಸ್ವತಃ ಮಾರ್ಟಿನ್ ಮೆಚ್ಚಿ ಬರೆದದ್ದುಂಟು. ಸೀಸನ್ನಿನ ಅತ್ಯಂತ ಗಟ್ಟಿಯಾದ ಪಾತ್ರ ಬೆಳೆದದ್ದು ಅದರ ಅತ್ಯಂತ ಸ್ಪಷ್ಟವಾದ ಅಪರಾಧದಿಂದ ಎಂಬುದು ಗಮನಾರ್ಹ.

2024ರಲ್ಲಿ ಬಂದ ಎಂಟು ಕಂತುಗಳ ಎರಡನೆಯ ಸೀಸನ್ ಆಕಸ್ಮಿಕದ ದಾರಿಯಲ್ಲೇ ಮುಂದುವರಿಯಿತು. ಲೂಸೆರಿಸ್‌ನ ಸಾವಿಗೆ ಪ್ರತೀಕಾರವಾಗಿ ಗ್ರಂಥದಲ್ಲಿ ಕೊಲೆಗಡುಕರು ಮಗನಿಗೆ ಬದಲಾಗಿ ಮಗನನ್ನೇ ಅರಸಿ ಬರುತ್ತಾರೆ. ಸರಣಿಯಲ್ಲಿ ಅವರು ಬಂದದ್ದು ಏಮಂಡನಿಗಾಗಿ; ಅವನು ಸಿಗದೆ ಮಗುವಿನ ಕಡೆಗೆ ತಿರುಗುತ್ತಾರೆ. ರಾಣಿ ಹೆಲೇನಾಳ ಕಿರಿಯ ಮಗ ಮೇಲಾರ್‌ನನ್ನು ಸರಣಿ ಕೈಬಿಟ್ಟಿದ್ದಕ್ಕೆ ಮಾರ್ಟಿನ್ 2024ರ ಸೆಪ್ಟೆಂಬರಿನಲ್ಲಿ ಬಹಿರಂಗವಾಗಿ ಆಕ್ಷೇಪವೆತ್ತಿ, ಸ್ವಲ್ಪದರಲ್ಲೇ ಆ ಬರಹವನ್ನು ಹಿಂತೆಗೆದುಕೊಂಡರು. ಒಂದು ಸಣ್ಣ ಪಾತ್ರವನ್ನು ತೆಗೆದರೆ ಮುಂದಿನ ಸೀಸನ್ನುಗಳ ಘಟನಾಸರಣಿ ಸಡಿಲಗೊಳ್ಳುತ್ತದೆಂಬುದು ಅವರ ವಾದವಾಗಿತ್ತು. ನಷ್ಟವಾದರೋ ಆ ದೃಶ್ಯದೊಳಗೇ ಆಗಿಹೋಗಿತ್ತು. ಗ್ರಂಥದಲ್ಲಿ ಇಬ್ಬರು ಗಂಡುಮಕ್ಕಳಲ್ಲಿ ಒಬ್ಬನನ್ನು ಹೆಸರಿಸುವಂತೆ ತಾಯಿಯನ್ನು ಬಲವಂತಪಡಿಸಲಾಗುತ್ತದೆ. ಆಕೆ ಕಿರಿಯ ಮೇಲಾರ್‌ನನ್ನು ಹೆಸರಿಸುತ್ತಾಳೆ. ಅವರು ಹಿರಿಯನನ್ನು ಕೊಲ್ಲುತ್ತಾರೆ. ಉಳಿದುಕೊಂಡ ಮಗನ ಮುಖವನ್ನು ನೋಡಲು ಆಕೆಗೆ ಆಮೇಲೆ ಸಾಧ್ಯವಾಗುವುದಿಲ್ಲ. ಸರಣಿಯಲ್ಲಿ ಮಲಗಿರುವ ಅವಳಿ ಮಕ್ಕಳಲ್ಲಿ ಗಂಡು ಯಾವುದೆಂದು ಕೇಳುತ್ತಾರೆ. ಆಕೆ ಬೆರಳು ಮಾಡಿ ತೋರಿಸುತ್ತಾಳೆ.