ಮೂಕಿಚಿತ್ರದಲ್ಲಿ ಮಾತಿನಮಲ್ಲ

ಗುಬ್ಬಿ ವೀರಣ್ಣನವರ ಹೆಸರೆತ್ತಿದರೆ ಸಾಕು, ನಮ್ಮ ಭಾಷಣಕಾರರು 'ಕುರುಕ್ಷೇತ್ರ'ದ ಆನೆ ಕುದುರೆಗಳಿಂದಲೇ ಪ್ರಾರಂಭಿಸುತ್ತಾರೆ. ನಿಜವಾದ ಆನೆಯನ್ನೇ ರಂಗಕ್ಕೆ ತಂದದ್ದೇನೋ ಹೌದು. ಆದರೆ ಹಣವಿದ್ದರೆ ಆನೆಯನ್ನು ಯಾರು ಬೇಕಾದರೂ ತರಬಹುದು. ತಾನೇ ಕಂಪೆನಿಯ ಯಜಮಾನನಾಗಿದ್ದೂ ರಾಜಕುಮಾರನ ಕಿರೀಟವನ್ನು ಇನ್ನೊಬ್ಬರ ತಲೆಗಿಟ್ಟು, 'ಸದಾರಮೆ'ಯ ಕಳ್ಳನ ವೇಷವನ್ನು ತನಗೆ ಉಳಿಸಿಕೊಳ್ಳುವುದಕ್ಕೆ ಬೇರೆಯೇ ಎದೆಗಾರಿಕೆ ಬೇಕು.

ನಮ್ಮ ಅತ್ತೆಯವರು ಚಿಕ್ಕ ಹುಡುಗಿಯಾಗಿದ್ದಾಗ ತುಮಕೂರಿನಲ್ಲಿ ಆ ನಾಟಕ ನೋಡಿದ್ದರಂತೆ. ಬಸವೇಶ್ವರನಗರದ ನಮ್ಮ ಮನೆಯಲ್ಲಿ ಹುಣಸೆಹಣ್ಣು ಬಿಡಿಸುತ್ತ ಕೂತಾಗ, ರಾಜಕುಮಾರ ಯಾರಾಗಿದ್ದರು ಎಂದು ಕೇಳಿದರೆ ಅವರಿಗೆ ನೆನಪೇ ಇರಲಿಲ್ಲ. ಕಳ್ಳ ಮಾತಾಡುತ್ತಿದ್ದ ಧಾಟಿಯನ್ನು ಮಾತ್ರ ಮಾಡಿ ತೋರಿಸಿ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು.

ಅದಕ್ಕೇ ನನಗೆ ಅವರ ಮೂಕಿಚಿತ್ರಗಳ ಬಗ್ಗೆ ತಕರಾರು. 1930ರ ಆಸುಪಾಸಿನಲ್ಲಿ ವೀರಣ್ಣನವರು ಬೆಂಗಳೂರಿನಲ್ಲಿ 'ಹರಿಮಾಯಾ', 'ಹಿಸ್ ಲವ್ ಅಫೇರ್' ಮೊದಲಾದ ಮೂಕಿಚಿತ್ರಗಳನ್ನು ತೆಗೆಸಿದರು. ಇದನ್ನು ಅವರ ಸಾಧನೆಗಳ ಪಟ್ಟಿಗೆ ಸೇರಿಸುವುದು ವಾಡಿಕೆ. ಸಾಹಸಕ್ಕೆ ಸೇರಿಸಲಿ, ಅಡ್ಡಿಯಿಲ್ಲ. ಕಲೆಗೆ ಸೇರಿಸಲು ನನಗೆ ಮನಸ್ಸು ಬಾರದು. ನಾಲಗೆಯ ತುದಿಯಲ್ಲೇ ಸಾವಿರಾರು ಜನರನ್ನು ಕುಣಿಸಿದ ನಟನ ಬಾಯಿಕಟ್ಟಿ ತೆರೆಯ ಮೇಲೆ ನಿಲ್ಲಿಸಿದರೆ ಉಳಿಯುವುದೇನು?

ಜರ್ಮನಿಯ ಎಮಿಲ್ ಯಾನಿಂಗ್ಸ್ ಕಥೆ ಇದಕ್ಕೆ ತಿರುವುಮುರುವು. ಅವನೂ ನಾಟಕದಿಂದಲೇ ಬಂದವನು. 1924ರಲ್ಲಿ ಮುರ್ನೌ ತೆಗೆದ ಮೂಕಿಚಿತ್ರವೊಂದರಲ್ಲಿ ಅವನದು ದೊಡ್ಡ ಹೋಟೆಲಿನ ಬಾಗಿಲು ಕಾಯುವ ಮುದುಕನ ಪಾತ್ರ. ವಯಸ್ಸಾಯಿತೆಂದು ಅವನ ಜರಿ ಕೋಟು ಕಿತ್ತುಕೊಂಡು ಕಕ್ಕಸಿನ ಚಾಕರಿಗೆ ಹಾಕುತ್ತಾರೆ. ಆಗ ಅವನು ಬೆನ್ನಿನಲ್ಲೇ ಅಳುತ್ತಾನೆ. ಮಾತು ಬೇಕಾಗುವುದೇ ಇಲ್ಲ. 1929ರಲ್ಲಿ ನಟರಿಗೆ ಕೊಟ್ಟ ಮೊಟ್ಟಮೊದಲ ಆಸ್ಕರ್ ಅವನಿಗೇ ಬಂತು. ಅಷ್ಟರಲ್ಲಿ ಟಾಕಿ ಬಂದು, ಅವನ ಇಂಗ್ಲಿಷ್ ಉಚ್ಚಾರಣೆ ನಡೆಯದೆ ಹಾಲಿವುಡ್ ಬಿಟ್ಟು ಊರಿಗೆ ಮರಳಬೇಕಾಯಿತು. (ಆಮೇಲೆ ನಾಜಿಗಳ ಚಿತ್ರಗಳಲ್ಲಿ ನಟಿಸಿ ಹೆಸರು ಕೆಡಿಸಿಕೊಂಡ. ಅದು ಬೇರೆಯ ಮಾತು.) ಅವನನ್ನು ಮುಳುಗಿಸಿದ ಟಾಕಿಯೇ ನಮ್ಮ ವೀರಣ್ಣನವರ ಕೈಹಿಡಿಯಿತು. 1934ರಲ್ಲಿ 'ಸತಿ ಸುಲೋಚನ' ಬಂದು ಕನ್ನಡ ತೆರೆಗೆ ದನಿ ಮೂಡಿತು. ಮರುವರ್ಷವೇ ಇವರ 'ಸದಾರಮೆ' ತೆರೆಕಂಡಿತು.

ಇನ್ನೊಂದು ಮಾತು, ಹೆಂಗಸಾಗಿ ಹೇಳದೆ ಇರಲಾರೆ. ವೀರಣ್ಣನವರ ಕಥೆಯಲ್ಲಿ ಬಿ. ಜಯಮ್ಮನವರಿಗೆ ಎಲ್ಲರೂ ಒಂದು ಸಾಲು ಬರೆಯುತ್ತಾರೆ, ಅದೂ 'ಪತ್ನಿ' ಎಂದು. ಮರ್ಯಾದಸ್ಥರ ಮನೆಯ ಹೆಣ್ಣು ನಾಟಕಕ್ಕೆ ಸೇರಿದರೆ ಊರೇ ಬಾಯಿಮೇಲೆ ಕೈಯಿಡುತ್ತಿದ್ದ ಕಾಲದಲ್ಲಿ ಆಕೆ ಹಾಡಿದರು, ನಟಿಸಿದರು, ಸಿನಿಮಾಕ್ಕೂ ಬಂದರು. ಗಂಡನ ಹಂಗಿಲ್ಲದೆ ಆಕೆಯ ಅಭಿನಯವನ್ನು ತೂಗುವ ಪುಸ್ತಕ ನಮಗೆ ಬೇಕು. ಮೊಮ್ಮಗಳು ಬಿ. ಜಯಶ್ರೀ 'ಸದಾರಮೆ'ಯನ್ನು ಮತ್ತೆ ರಂಗಕ್ಕೆ ತಂದಾಗ ಅಜ್ಜನ ನೆನಪಾಯಿತೆಂದರು ಜನ. ಅಜ್ಜಿಯ ನೆನಪಾಗಬೇಡವೆ?

ರಾಜಾಜಿನಗರದ ನಮ್ಮ ಶಾಲೆಯ ಮಕ್ಕಳಿಗೆ ವೀರಣ್ಣ ಎಂದರೆ ಗೊತ್ತಾಗುವುದಿಲ್ಲ. ರಾಜ್‌ಕುಮಾರ್ ಹುಡುಗನಾಗಿ ಪಳಗಿದ್ದು ಇವರ ಕಂಪೆನಿಯಲ್ಲೇ ಎಂದರೆ ಕಿವಿ ನೆಟ್ಟಗಾಗುತ್ತದೆ. ನರಸಿಂಹರಾಜು, ಬಾಲಕೃಷ್ಣ ಕೂಡ ಅಲ್ಲಿಂದ ಬಂದವರೇ ಎಂದು ಹೇಳುತ್ತೇನೆ. 1954ರ 'ಬೇಡರ ಕಣ್ಣಪ್ಪ'ದಲ್ಲಿ ಎಲ್ಲರೂ ರಾಜ್‌ಕುಮಾರರನ್ನೇ ನೋಡುತ್ತಾರೆ. ನಾನು ನರಸಿಂಹರಾಜು ಬಾಯಿಬಿಡುವುದನ್ನು ಕಾಯುತ್ತೇನೆ. ಅತ್ತೆಯವರು ಮಾಡಿ ತೋರಿಸುತ್ತಿದ್ದ ಧಾಟಿ ಅಲ್ಲೆಲ್ಲೋ ಕೇಳಿಸಿದಂತಾಗುತ್ತದೆ.