ಹಾರಿಹೋಗುವ ಪರಿಮಳಕ್ಕೆ ಮೂಗು ಕೊಡಿ

ಸೆಂಟಿನ ಅಂಗಡಿಯಲ್ಲಿ ಎಲ್ಲರೂ ಕೇಳುವ ಮೊದಲ ಪ್ರಶ್ನೆ ಒಂದೇ: "ಎಷ್ಟು ಹೊತ್ತು ಇರುತ್ತೆ?" ಬೆಳಿಗ್ಗೆ ಹೊಡೆದುಕೊಂಡದ್ದು ರಾತ್ರಿ ಊಟದವರೆಗೂ ಘಮ್ಮೆನ್ನಬೇಕು. ತಾವು ಇಳಿದುಹೋದ ಮೇಲೂ ಲಿಫ್ಟಿನ ತುಂಬ ತಮ್ಮ ವಾಸನೆಯೇ ಇರಬೇಕು. ಈ ಅಳತೆಗೋಲು ಹಿಡಿದು ಬರುವವರಿಗೆ ನಿಂಬೆ, ಕಿತ್ತಳೆ, ಬರ್ಗಮಾಟ್ ಜಾತಿಯ ಸುಗಂಧಗಳು ದಕ್ಕುವುದೇ ಇಲ್ಲ. ಅವುಗಳ ಸೊಗಸೆಲ್ಲ ಮೊದಲ ಕಾಲು ಗಂಟೆಯದು. ಈ ಹಣ್ಣುಗಳ ಸಿಪ್ಪೆಯೆಣ್ಣೆಯಲ್ಲಿ ದೊಡ್ಡ ಪಾಲು ಲಿಮೊನೀನ್; ಹಗುರವಾದ ಅಣು, ಮೈಬಿಸಿ ತಾಗಿದ್ದೇ ತಡ ಹಾರುತ್ತದೆ. ಹಾರುವುದರಿಂದಲೇ ಅಷ್ಟು ಚುರುಕಾಗಿ ಮೂಗಿಗೆ ಮುಟ್ಟುತ್ತದೆ. ಒಗ್ಗರಣೆಯ ಚಟಪಟ ಅರೆಗಳಿಗೆಯದು ಎಂದು ಯಾರಾದರೂ ಒಗ್ಗರಣೆ ಹಾಕುವುದನ್ನು ಬಿಟ್ಟಿದ್ದಾರೆಯೇ?

ಕಲಿಯಲು ಹೊರಟವರು ಬರ್ಗಮಾಟ್‌ನಿಂದ ಶುರುಮಾಡಬೇಕು. ಇಟಲಿಯ ದಕ್ಷಿಣ ತುದಿಯ ಕಲಾಬ್ರಿಯಾದಲ್ಲಿ ಮುಖ್ಯವಾಗಿ ಸಿಪ್ಪೆಯ ಎಣ್ಣೆಗೆಂದೇ ಬೆಳೆಯುವ ಹಣ್ಣಿದು. ಅರ್ಲ್ ಗ್ರೇ ಚಹಾ ಕುಡಿದವರ ಮೂಗಿಗೆ ಆಗಲೇ ಪರಿಚಯವಿದೆ. ನಿಂಬೆಯಲ್ಲಿ ಹುಳಿಯ ಮೊನೆ ಎದ್ದುಬರುತ್ತದೆ, ಕಿತ್ತಳೆಯಲ್ಲಿ ಸಿಹಿ. ಬರ್ಗಮಾಟ್‌ನಲ್ಲಿ ಹುಳಿಯ ಬೆನ್ನಿಗೇ ಹಸಿರು ಕಹಿ, ಅದರ ಹಿಂದೆ ತೆಳುವಾಗಿ ಹೂವು. ಆ ಹೂವಿನ ಗುಣಕ್ಕೆ ಕಾರಣ ಲಿನಲೈಲ್ ಅಸಿಟೇಟ್. ಲ್ಯಾವೆಂಡರ್‌ನಲ್ಲೂ ಧಾರಾಳವಾಗಿರುವ ವಸ್ತು. ಹುಳಿ, ಕಹಿ, ಹೂವು ಮೂರನ್ನೂ ಬಿಡಿಬಿಡಿಯಾಗಿ ಗುರುತಿಸಲು ಬಂದರೆ ಅರ್ಧ ವಿದ್ಯೆ ಕೈವಶವಾದಂತೆ.

ಅಭ್ಯಾಸಕ್ಕೆ ದುಡ್ಡು ಸುರಿಯಬೇಕಿಲ್ಲ. ಗಜನಿಂಬೆ, ಹೇರಳೆಕಾಯಿ, ಕೊಡಗಿನ ಕಿತ್ತಳೆ, ದೇವನಹಳ್ಳಿಯ ಚಕ್ಕೋತ, ಸಿಕ್ಕಿದ್ದನ್ನು ತಂದು ಸಿಪ್ಪೆಯನ್ನು ಉಗುರಿನಿಂದ ಗೀರಿ ಮೂಸಿ. ಕಣ್ಣು ಮುಚ್ಚಿ ಯಾವುದು ಯಾವುದೆಂದು ಹೇಳುವಷ್ಟಾಗಲಿ. ಪರಿಮಳವಿರುವುದು ಸಿಪ್ಪೆಯಲ್ಲಿ. ಅಗ್ಗದ 'ಫ್ರೂಟಿ' ಬಾಡಿ ಸ್ಪ್ರೇಗಳು ಕೆಟ್ಟಿರುವುದು ಇಲ್ಲೇ: ಅವು ಸಿಪ್ಪೆಯನ್ನು ಬಿಟ್ಟು ಸಕ್ಕರೆ ಬೆರೆಸಿದ ರಸದ ಹಿಂದೆ ಬೀಳುತ್ತವೆ. ಕಿತ್ತಳೆಯಿಂದ ಕಹಿ ತೆಗೆದರೆ ಉಳಿಯುವುದು ಪೆಪ್ಪರಮೆಂಟು. ಅದನ್ನು ಮೆಚ್ಚಿಕೊಂಡು ತಿರುಗುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ನನ್ನ ಮೂಗು ತೆರೆದದ್ದು ಡಿಯೋರ್‌ನವರ ಓ ಸೊವಾಜ್‌ನಿಂದ. 1966ರಲ್ಲಿ ಎಡ್ಮಂಡ್ ರುಡ್ನಿಟ್ಸ್ಕಾ ಸಂಯೋಜಿಸಿದ್ದು. ಗೆಳೆಯರ ಮನೆಯಲ್ಲಿ ಮಣಿಕಟ್ಟಿಗೆ ಹಚ್ಚಿಕೊಂಡು ಕೂತೆ. ನಿಂಬೆಯೂ ಬರ್ಗಮಾಟೂ ಬಂದವು, ಹೊಳೆದವು, ಹೋದವು. ಆದರೂ ಒಳಗಿನ ಬೆಳಕು ಆರಲಿಲ್ಲ. ಹೆಡಿಯೋನ್ ಎಂಬ, ಮಲ್ಲಿಗೆಯ ಜಾಡಿನ ವಸ್ತುವೊಂದು ಅಲ್ಲಿ ಗಾಳಿಯಾಡಿಸುತ್ತಿತ್ತು. ದೊಡ್ಡ ಸುಗಂಧಕಾರ ಹುಳಿಯನ್ನು ಕಟ್ಟಿಹಾಕಲು ಹೋಗುವುದಿಲ್ಲ, ಅದು ಬಿಟ್ಟುಹೋದ ಜಾಗವನ್ನು ಅಣಿಗೊಳಿಸುತ್ತಾನೆ. ಆಮೇಲೆ ನಾನು ಮೂಸಿದ ಪ್ರತಿಯೊಂದು ಸಿಟ್ರಸ್ ಸೆಂಟನ್ನೂ ಈ ಒಂದು ಮಾತಿನಿಂದಲೇ ತೂಗಿದ್ದೇನೆ.

ಓ ಸೊವಾಜನ್ನು ಗಂಡಸರ ಸೆಂಟು ಎಂದು ಮಾರಿದರು, ಹೆಂಗಸರೂ ಹಚ್ಚಿಕೊಂಡರು. ಹಚ್ಚಿಕೊಳ್ಳದೆ ಏನು? ಇಟಲಿಯಿಂದ ಬಂದು ಜರ್ಮನಿಯ ಕಲೋನ್ ನಗರದಲ್ಲಿ ನೆಲೆಸಿದ ಫರೀನಾ 18ನೇ ಶತಮಾನದ ಆರಂಭದಲ್ಲಿ ಮಾಡಿದ ಓ ಡಿ ಕಲೋನ್ ಇಬ್ಬರಿಗೂ ಸೇರಿದ್ದು. 1994ರಲ್ಲಿ ಬಂದ ಸಿಕೆ ಒನ್ ಯೂನಿಸೆಕ್ಸ್ ಎಂದು ಹೆಸರು ಮಾಡಿತು. ಅದು ಎತ್ತಿ ಹಿಡಿದದ್ದು ಈ ಹಳೆಯ ಪದ್ಧತಿಯನ್ನೇ. ಕಪ್ಪು ಬಾಟಲಿ ಅವನಿಗೆ, ಗುಲಾಬಿ ಬಾಟಲಿ ಅವಳಿಗೆ ಎಂಬ ವಿಂಗಡಣೆ ಮಾರುವವರ ಅನುಕೂಲಕ್ಕೆ ಹುಟ್ಟಿದ್ದು.

ಕಹಿ ಕಿತ್ತಳೆ ಮರದ ಹೂವಿನಿಂದ ಬರುವ ನೆರೋಲಿ, ಎಲೆ ಮತ್ತು ಎಳೆಗಡ್ಡಿಯಿಂದ ಬರುವ ಪೆಟಿಗ್ರೇನ್ ಇವನ್ನು ಎರಡನೇ ಪಾಠಕ್ಕೆ ಇಟ್ಟುಕೊಳ್ಳಿ. ಬಾಟಲಿಯನ್ನು ಬಿಸಿಲಿಗೂ ಬಚ್ಚಲುಮನೆಗೂ ಒಯ್ಯಬೇಡಿ. ಬೆಳಕು, ಬಿಸಿ, ಗಾಳಿಗೆ ಸಿಪ್ಪೆಯೆಣ್ಣೆ ಬೇಗ ಕೆಡುತ್ತದೆ.

ಮೊದಲಿಗೆ ಕಲೋನ್ ನಗರದ್ದೇ ಆದ 4711 ಕೊಳ್ಳಿ, ಚಿಕ್ಕ ಬಾಟಲಿ ಸಾಕು. ಸ್ನಾನ ಮುಗಿಸಿ ಕೈತುಂಬ ಹಚ್ಚಿಕೊಂಡು, ಆ ಕಾಲು ಗಂಟೆ ಫೋನನ್ನು ಪಕ್ಕಕ್ಕಿಟ್ಟು ಮೂಗಿಗೆ ಬಿಟ್ಟುಕೊಡಿ. ಮಧ್ಯಾಹ್ನದ ಹೊತ್ತಿಗೆ ಏನೂ ಉಳಿದಿರುವುದಿಲ್ಲ. ಮತ್ತೆ ಹಚ್ಚಿಕೊಳ್ಳಿ; ಕಲೋನನ್ನು ಬಳಸುವ ಕ್ರಮವೇ ಅದು.