ಹಿಂದಿನ ಬೆಂಚಿನ ಚಿತ್ರಗಾರ

ವಿದ್ಯಾರ್ಥಿ ಬರೆದ ನಗೆಚಿತ್ರವನ್ನು ತುಂಟತನವೆಂದು ತಳ್ಳಿಬಿಡುವುದು ವಾಡಿಕೆ. ಅದು ವಿಮರ್ಶೆಯೂ ಆಗಬಲ್ಲುದೆಂಬುದಕ್ಕೆ ನಮ್ಮಲ್ಲೇ ನಿದರ್ಶನವುಂಟು.

1920ರ ಸುಮಾರಿನಲ್ಲಿ ಕಡೂರು, ತರೀಕೆರೆ, ಅಜ್ಜಂಪುರಗಳ ಹುಡುಗರು ಬಿ.ಎ. ಓದಬೇಕಾದರೆ ರೈಲು ಹತ್ತಿ ಮೈಸೂರಿನ ಮಹಾರಾಜಾ ಕಾಲೇಜಿಗೆ ಹೋಗಬೇಕಿತ್ತು. ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರಲ್ಲಿ. ಪಾಠ ಇಂಗ್ಲಿಷಿನಲ್ಲಿ, ಅಧ್ಯಾಪಕರು ಹೇಳುವುದು, ಹುಡುಗರು ಬರೆದುಕೊಳ್ಳುವುದು. ಎದುರು ಮಾತನಾಡಲಾರದವನಿಗೆ ಉಳಿದಿದ್ದುದು ನೋಟ್‌ಪುಸ್ತಕದ ಅಂಚು.

ಹೆಚ್ಚುಕಡಿಮೆ ಅದೇ ಕಾಲದಲ್ಲಿ ಕಲ್ಕತ್ತೆಯ ಗಗನೇಂದ್ರನಾಥ ಠಾಕೂರರು ವಿಶ್ವವಿದ್ಯಾನಿಲಯವನ್ನು ಯಂತ್ರವನ್ನಾಗಿ ಚಿತ್ರಿಸಿದರು. ಹರಿತವಾದ ವ್ಯಂಗ್ಯವೇ ಸರಿ. ಆದರೆ ಅದು ಹೊರಗೆ ನಿಂತ ಹಿರಿಯರ ನೋಟ. ಯಂತ್ರದೊಳಗೆ ಸಿಕ್ಕವನ ನೋಟವೇ ಬೇರೆ.

ಅಂಥ ನೋಟ ಆರ್. ಕೆ. ಲಕ್ಷ್ಮಣರದು. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಅವರು ಹೆಡ್‌ಮಾಸ್ತರರ ಮಗ. ಶಾಲೆಯಲ್ಲೇ ಮೇಷ್ಟರುಗಳ ವ್ಯಂಗ್ಯಚಿತ್ರ ಗೀಚಿದವರು. ಮುಂಬಯಿಯ ಜೆ. ಜೆ. ಕಲಾಶಾಲೆ ಪ್ರತಿಭೆ ಸಾಲದೆಂದು ಅವರನ್ನು ಸೇರಿಸಿಕೊಳ್ಳಲಿಲ್ಲ. ಮಹಾರಾಜಾ ಕಾಲೇಜಿನಲ್ಲಿ ಓದುತ್ತಲೇ ಪತ್ರಿಕೆಗಳಿಗೆ ಬರೆದರು, ಡಾಕ್ಟರ್ ಎಂ. ಶಿವರಾಂ, ಎಂದರೆ ನಮ್ಮ ‘ರಾಶಿ’, 1942ರಲ್ಲಿ ಆರಂಭಿಸಿದ ‘ಕೊರವಂಜಿ’ಗೂ ಬರೆದರು. ಅವರ ಶ್ರೀಸಾಮಾನ್ಯ ಬಂದದ್ದು ಅನಂತರ, 1951ರಲ್ಲಿ.

ಈ ಶ್ರೀಸಾಮಾನ್ಯ ಬಾಯಿ ಬಿಡುವವನಲ್ಲ. ಮಂತ್ರಿಗಳು ಮಾತನಾಡುತ್ತಾರೆ, ಅಧಿಕಾರಿಗಳು ಮಾತನಾಡುತ್ತಾರೆ. ಚೌಕಳಿ ಕೋಟು ತೊಟ್ಟ ಈತ ಮೂಲೆಯಲ್ಲಿ ನಿಂತು ಕೇಳುತ್ತಾನೆ. ಇದು ಪ್ರಜೆಯ ಅಸಹಾಯಕತೆ ಎನ್ನುವವರು ಬಹಳ. ನನಗೆ ಅಲ್ಲಿ ತರಗತಿಯ ಹಿಂದಿನ ಬೆಂಚು ಕಾಣುತ್ತದೆ. ಎಲ್ಲವನ್ನೂ ಕೇಳಿಸಿಕೊಂಡು, ಏನನ್ನೂ ಹೇಳದೆ, ಎಲ್ಲವನ್ನೂ ಮನಸ್ಸಿನಲ್ಲಿ ಬರೆದುಕೊಳ್ಳುವ ವಿದ್ಯಾರ್ಥಿಯ ಮೌನವೇ ಅದು. ಪಾಠ ಹೇಳುವವರು ಮಾತ್ರ ಬದಲಾಗಿದ್ದಾರೆ.

ಆದರೂ ಒಂದು ಆಕ್ಷೇಪಣೆ ಹೇಳಲೇಬೇಕು. ಹಿಂದಿನ ಬೆಂಚಿನ ನಗೆಗೆ ತನ್ನ ತಪ್ಪು ಕಾಣುವುದಿಲ್ಲ. ಶ್ರೀಸಾಮಾನ್ಯ ಸದಾ ನಿರಪರಾಧಿ. ಸಾಲು ಮುರಿದು ಮುಂದೆ ನುಗ್ಗುವವನೂ, ಲಂಚ ಕೊಟ್ಟು ಕೆಲಸ ಮಾಡಿಸಿಕೊಳ್ಳುವವನೂ ಅವನೇ ಅಲ್ಲವೇ? ಮೇಷ್ಟರ ಹೊಟ್ಟೆಯನ್ನು ಬರೆಯುವ ಹುಡುಗ, ಪರೀಕ್ಷೆಯಲ್ಲಿ ಪಕ್ಕದವನ ಉತ್ತರ ನೋಡುವ ತನ್ನ ಕಣ್ಣನ್ನೂ ಬರೆದಾಗಲೇ ನಗೆ ಪೂರ್ಣವಾಗುತ್ತದೆ.

ಕಾಲೇಜಿನ ವಾರ್ಷಿಕ ಸಂಚಿಕೆಗಳು ಬಹುಮಾನಿತರ ಭಾವಚಿತ್ರಗಳನ್ನು ಜೋಪಾನ ಮಾಡಿವೆ. ಅಂಚಿನ ಗೀಚುಗಳು ರದ್ದಿಗೆ ಹೋಗುತ್ತವೆ. ಅಜ್ಜಂದಿರ ನೋಟ್‌ಪುಸ್ತಕ ಅಟ್ಟದ ಮೇಲಿದ್ದರೆ, ತೂಕಕ್ಕೆ ಹಾಕುವ ಮೊದಲು ಅಂಚನ್ನೊಮ್ಮೆ ನೋಡಿ. ಆ ಕಾಲೇಜನ್ನು ಒಳಗಿನಿಂದ ಕಂಡ ವಿಮರ್ಶೆ ಅಲ್ಲಿರಬಹುದು.